ಪಾರ್ಕಿಂಗ್ ದಂಡ 70 ಪೌಂಡ್, ಬೇಲಿಫ್ ಕೇಳುತ್ತಿರುವುದು 425: ಈಗ ಏನು ಮಾಡಲಿ?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಕಳೆದ ಮಾರ್ಚ್‌ನಲ್ಲಿ ಬೇರೆ ಊರಿನಿಂದ ಇಲ್ಲಿಗೆ ಮನೆ ಬದಲಿಸಿದೆವು. ಜೂನ್‌ನಲ್ಲಿ ಹಳೆಯ ಊರಿನ ಸ್ನೇಹಿತರ ಮನೆಗೆ ಹೋದಾಗ, ಅಲ್ಲಿನ ನಿವಾಸಿಗಳಿಗೆ ಮೀಸಲಾದ ಜಾಗದಲ್ಲಿ ನನ್ನ ಕಾರು ನಿಂತಿತ್ತಂತೆ. ಗಾಜಿನ ಮೇಲೆ ಯಾವ ಚೀಟಿಯೂ ನಮಗೆ ಸಿಗಲಿಲ್ಲ, ಮನೆಗೆ ಕಾಗದವೂ ಬರಲಿಲ್ಲ. ಹೋದ ವಾರ ಬೆಳಿಗ್ಗೆ, ದಂಡದ ಬಾಕಿ ವಸೂಲಿಗೆ ಬರುವ ಬೇಲಿಫ್ ಒಬ್ಬರು ಬಾಗಿಲು ತಟ್ಟಿದ್ದಾರೆ. ನಾವಿಬ್ಬರೂ ಕೆಲಸಕ್ಕೆ ಹೋಗಿದ್ದೆವು. ಹಾಸನದಿಂದ ಬಂದಿರುವ 74 ವರ್ಷದ ಅತ್ತೆ ಒಬ್ಬರೇ ಇದ್ದರು, ಅವರಿಗೆ ಇಂಗ್ಲಿಷ್ ಬರುವುದಿಲ್ಲ. ತುಂಬಾ ಹೆದರಿಬಿಟ್ಟಿದ್ದಾರೆ. ಬಿಟ್ಟುಹೋದ ಕಾಗದದಲ್ಲಿ 425 ಪೌಂಡ್ ಎಂದಿದೆ, ಅದರಲ್ಲಿ 310 ಬೇಲಿಫ್ ಶುಲ್ಕ. ಡ್ರೈವಿಂಗ್ ಲೈಸೆನ್ಸಿನ ವಿಳಾಸ ಆಗಲೇ ಬದಲಿಸಿದ್ದೆ, ಕಾರಿನ ನೋಂದಣಿ ಪತ್ರವಾದ ಲಾಗ್‌ಬುಕ್‌ನದು ಉಳಿದುಹೋಗಿತ್ತು ಎಂದು ಈಗ ಗೊತ್ತಾಯಿತು. ಈ ಶುಲ್ಕ ಕಾನೂನುಬದ್ಧವೇ? ಕೊಡದೆ ಇರಬಹುದೇ? ನಮ್ಮ ವೀಸಾಕ್ಕೆ ತೊಂದರೆಯಾಗುತ್ತದೆಯೇ?

ಉತ್ತರ: ಮೊದಲು ಅತ್ತೆಯವರಿಗೆ ಸಮಾಧಾನ ಹೇಳಿ. ಅವರ ಮೇಲೆ ಯಾವ ಕೇಸೂ ಇಲ್ಲ, ಅವರ ಒಂದು ವಸ್ತುವನ್ನೂ ಯಾರೂ ಮುಟ್ಟುವಂತಿಲ್ಲ. ನಮ್ಮೂರಿನಲ್ಲಿ ಕೋರ್ಟಿನ ಅಮೀನ ಜಪ್ತಿಗೆ ಬಂದನೆಂದರೆ ಓಣಿಯಲ್ಲಿ ಮರ್ಯಾದೆ ಹೋಯಿತು ಎಂದೇ ಲೆಕ್ಕ. ಆ ಪೀಳಿಗೆಯವರಿಗೆ ಆ ಭಯ ಇದ್ದೇ ಇರುತ್ತದೆ. ನಿಮ್ಮ ಮನೆಗೆ ಬಂದವರು ಕೋರ್ಟಿನ ನೌಕರರಲ್ಲ, ಆ ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲ್ ಗುತ್ತಿಗೆ ಕೊಟ್ಟಿರುವ ಖಾಸಗಿ ಕಂಪನಿಯವರು. ಕೌಂಟಿ ಕೋರ್ಟ್ ಕೊಟ್ಟ ಪ್ರಮಾಣಪತ್ರ ಅವರ ಬಳಿ ಇರಬೇಕು. ಅವರ ಹೆಸರು ಸರ್ಕಾರದ ಸಾರ್ವಜನಿಕ ಪಟ್ಟಿಯಲ್ಲಿದೆಯೇ ಎಂದು ಇವತ್ತೇ ನೋಡಿ.

ವೀಸಾದ ಚಿಂತೆಗೂ ಇಲ್ಲೇ ಉತ್ತರ ಹೇಳುತ್ತೇನೆ, ಏಕೆಂದರೆ ಆ ಒಂದು ಭಯಕ್ಕೇ ನಮ್ಮವರು ಎಷ್ಟೋ ಜನ ಪ್ರಶ್ನೆ ಕೇಳದೆ ದುಡ್ಡು ಕಟ್ಟಿಬಿಡುತ್ತಾರೆ. ಕೌನ್ಸಿಲ್ಲಿನ ಪಾರ್ಕಿಂಗ್ ದಂಡ ಅಪರಾಧವಲ್ಲ. ಟ್ರಾಫಿಕ್ ಮ್ಯಾನೇಜ್‌ಮೆಂಟ್ ಕಾಯ್ದೆ 2004ರ ಕೆಳಗೆ ಬರುವ ಸಿವಿಲ್ ವಿಷಯ ಅದು, ಪೊಲೀಸ್ ದಾಖಲೆಗೆ ಹೋಗುವುದಿಲ್ಲ. ಇದಕ್ಕಾಗಿ ನೋಂದಾಯಿಸುವ ಬಾಕಿ, ಸಾಮಾನ್ಯ ಕೌಂಟಿ ಕೋರ್ಟ್ ತೀರ್ಪುಗಳ ಹಾಗೆ ತೀರ್ಪುಗಳ ರಿಜಿಸ್ಟರಿನಲ್ಲೂ ಸೇರುವುದಿಲ್ಲ.

ಈಗ 310ರ ಲೆಕ್ಕ. ಬೇಲಿಫ್ ತನಗೆ ತೋಚಿದಷ್ಟು ಕೇಳುವ ಕಾಲ ಹೋಗಿದೆ. 2014ರ ಏಪ್ರಿಲ್ 6ರಿಂದ ಜಾರಿಯಲ್ಲಿರುವ ಶುಲ್ಕ ನಿಯಮಗಳು ಹಂತಕ್ಕೊಂದು ಮೊತ್ತ ಎಂದು ನಿಗದಿ ಮಾಡಿವೆ. ಬಾಕಿ ವಸೂಲಿಗೆ ಅಧಿಕಾರ ಕೊಡುವ ವಾರಂಟು ಕಂಪನಿಯ ಕೈಸೇರಿ ಅವರು ಪತ್ರ ಕಳಿಸುವ ಹಂತಕ್ಕೆ 75 ಪೌಂಡ್. ಅಲ್ಲಿಗೂ ಮುಗಿಯದೆ ಮನೆಗೆ ಮೊದಲ ಸಲ ಬಂದರೆ 235. ಸಾಮಾನು ಸಾಗಿಸಿ ಮಾರಾಟದ ಹಂತಕ್ಕೆ ಹೋದರೆ ಇನ್ನೂ 110. ಬಾಕಿ 1500 ಪೌಂಡ್ ದಾಟಿದರೆ ಕೊನೆಯ ಎರಡು ಹಂತಗಳಲ್ಲಿ, ಅದಕ್ಕೆ ಮೇಲ್ಪಟ್ಟ ಮೊತ್ತದ ಶೇ. 7.5 ಸೇರುತ್ತದೆ, ನಿಮಗೆ ಆ ಮಾತಿಲ್ಲ. ನಿಮ್ಮ 75 ಮತ್ತು 235 ಕೂಡಿದರೆ 310. ದಂಡ 70 ಇದ್ದದ್ದು ಕಟ್ಟದಿದ್ದಾಗ ಅರ್ಧದಷ್ಟು ಏರಿ 105 ಆಯಿತು, ಮಿಕ್ಕ 10 ಬಾಕಿಯನ್ನು ಕೋರ್ಟಿನಲ್ಲಿ ನೋಂದಾಯಿಸಿದ ಶುಲ್ಕ. ಅಂದರೆ ಅಂಕಿಗಳು ನಿಯಮದ ಅಂಕಿಗಳೇ, ಕೂಡಿಕೆ ಸರಿಯಾಗಿದೆ. ಅಸಲಿಗಿಂತ ಬಡ್ಡಿ ಹೆಚ್ಚಾಯಿತು ಎಂಬ ನಿಮ್ಮ ಸಿಟ್ಟು ನನಗೂ ಇದೆ. ಆದರೆ ‘ಮೊತ್ತ ತುಂಬಾ ಜಾಸ್ತಿಯಾಯಿತು’ ಎಂದು ಬರೆದರೆ ಕಂಪನಿಯಿಂದ ಬರುವ ಉತ್ತರ ನಿಯಮದ ಒಂದು ಪ್ರತಿ, ಅಷ್ಟೇ.

ಒಂದು ಮಾತು ನೆನಪಿಡಿ: 235 ಹಂತದ ಶುಲ್ಕ, ಭೇಟಿಯ ಶುಲ್ಕವಲ್ಲ. ಅವರು ನಾಳೆ ಇನ್ನೆರಡು ಸಲ ಬಂದರೂ ಮತ್ತೆ 235 ಹಾಕುವಂತಿಲ್ಲ.

ಹಾಗಾದರೆ ಹಿಡಿಯಬೇಕಾದ್ದು ಎಲ್ಲಿ? ಶುಲ್ಕ ನಿಂತಿರುವುದು ವಾರಂಟಿನ ಮೇಲೆ. ವಾರಂಟು ನಿಂತಿರುವುದು, ನಿಮಗೆ ಸರಿಯಾಗಿ ತಿಳಿಸಿ ಅವಕಾಶ ಕೊಟ್ಟಾಗಿದೆ ಎಂಬ ನಂಬಿಕೆಯ ಮೇಲೆ. ಬುಡ ಕಡಿದರೆ ಕೊಂಬೆ ತಾನಾಗಿ ಬೀಳುತ್ತದೆ. ನಿಮ್ಮ ವಿಷಯದಲ್ಲಿ ಆ ಬುಡ ಗಟ್ಟಿಯಾಗಿಲ್ಲ.

ನಿಮ್ಮ ಕಾಗದಗಳು ಎಲ್ಲಿ ಹೋದವು ನೋಡಿ. ಗಾಜಿಗೆ ಚೀಟಿ ಅಂಟಿಸಿ 28 ದಿನ ಕಳೆದರೂ ದಂಡ ಬರದಿದ್ದರೆ, ಕೌನ್ಸಿಲ್ ವಾಹನ ಇಲಾಖೆಯಾದ ಡಿವಿಎಲ್‌ಎಯಿಂದ ವಿಳಾಸ ಪಡೆದು ‘ನೋಟಿಸ್ ಟು ಓನರ್’ ಕಳಿಸುತ್ತದೆ. ಆಕ್ಷೇಪ ಹೇಳಲು ಅದರಲ್ಲಿ 28 ದಿನ ಇರುತ್ತದೆ. ಉತ್ತರ ಬರದಿದ್ದರೆ ದಂಡವನ್ನು ಅರ್ಧದಷ್ಟು ಏರಿಸುವ ‘ಚಾರ್ಜ್ ಸರ್ಟಿಫಿಕೇಟ್’. ಅದಕ್ಕೆ 14 ದಿನ. ನಂತರ, ಇಂಥ ದಂಡಗಳ ಬಾಕಿ ನೋಡಿಕೊಳ್ಳುವ ಕೋರ್ಟ್ ಕಚೇರಿಯಾದ ನಾರ್ಥಾಂಪ್ಟನ್‌ನ ಟ್ರಾಫಿಕ್ ಎನ್‌ಫೋರ್ಸ್‌ಮೆಂಟ್ ಸೆಂಟರ್‌ನಲ್ಲಿ ಬಾಕಿಯ ನೋಂದಣಿಯಾಗಿ ‘ಆರ್ಡರ್ ಫಾರ್ ರಿಕವರಿ’ ಎಂಬ ವಸೂಲಿ ಆದೇಶ ಬರುತ್ತದೆ. ಅದಕ್ಕೆ 21 ದಿನ. ಅದೂ ಕಳೆದ ಮೇಲೆ ವಾರಂಟು. ಈ ವಿಳಾಸ ಬರುವುದು ಕಾರಿನ ಲಾಗ್‌ಬುಕ್ಕಿನಿಂದ, ಅಂದರೆ ವಿ5ಸಿಯಿಂದ. ಡ್ರೈವಿಂಗ್ ಲೈಸೆನ್ಸ್ ಮತ್ತು ವಿ5ಸಿ ಎರಡೂ ಡಿವಿಎಲ್‌ಎ ಕೊಡುವುದೇ ಆದರೂ ಒಂದರಲ್ಲಿ ಬದಲಿಸಿದರೆ ಇನ್ನೊಂದರಲ್ಲಿ ಬದಲಾಗುವುದಿಲ್ಲ. ಮನೆ ಬದಲಿಸಿದ ನಮ್ಮವರಲ್ಲಿ ನಾನು ಅತಿ ಹೆಚ್ಚು ಸಲ ಕಂಡಿರುವ ತಪ್ಪು ಇದೇ. ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಾಗಲೂ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಇದೇ ಕಥೆ ಹೇಳುತ್ತಾರೆ. ನಿಮ್ಮ ಎಲ್ಲ ಕಾಗದಗಳೂ ಹಳೆಯ ಮನೆಯ ಬಾಗಿಲಿನೊಳಗೆ ಬಿದ್ದಿವೆ.

ಇದಕ್ಕೆಂದೇ ಎರಡು ನಮೂನೆಗಳಿವೆ, ಎರಡಕ್ಕೂ ಶುಲ್ಕವಿಲ್ಲ. ಟಿಇ9 ನಿಮ್ಮ ಸಾಕ್ಷಿ ಹೇಳಿಕೆ. ಅವಧಿ ಮೀರಿರುವುದರಿಂದ ತಡವಾಗಿ ಸ್ವೀಕರಿಸಿ ಎಂದು ಕೇಳುವ ಅರ್ಜಿ ಟಿಇ7. ಎರಡನ್ನೂ ಒಟ್ಟಿಗೇ ಕಳಿಸಬೇಕು, ಒಂದಿಲ್ಲದೆ ಇನ್ನೊಂದು ನಡೆಯುವುದಿಲ್ಲ. ಸರ್ಕಾರದ ವೆಬ್‌ಸೈಟಿನಲ್ಲಿ ಸಿಗುತ್ತವೆ, ಇಮೇಲಿನಲ್ಲೇ ಕಳಿಸಬಹುದು. ದಂಡದ ಸಂಖ್ಯೆ, ಕಾರಿನ ನಂಬರು, ಈಗಿನ ವಿಳಾಸ ಇವುಗಳಲ್ಲಿ ಒಂದು ಅಕ್ಷರವೂ ತಪ್ಪಬಾರದು.

ಟಿಇ9ರಲ್ಲಿ ಗುರುತು ಹಾಕಬೇಕಾದ ಕಾರಣ ಒಂದೇ: ನೋಟಿಸ್ ಟು ಓನರ್ ನನಗೆ ತಲುಪಲಿಲ್ಲ. ಅದು ನಿಮ್ಮ ನಿಜವೂ ಹೌದು. ಗಾಜಿನ ಮೇಲೆ ಚೀಟಿ ಇರಲಿಲ್ಲ, ಬೋರ್ಡು ಕಾಣುತ್ತಿರಲಿಲ್ಲ, ಹತ್ತೇ ನಿಮಿಷ ನಿಲ್ಲಿಸಿದ್ದೆವು ಎಂಬುದನ್ನೆಲ್ಲ ಇಲ್ಲಿ ತರಬೇಡಿ. ಅವುಗಳನ್ನು ತೂಗುವ ಜಾಗ ಇದಲ್ಲ. ಅಂಥ ಮಾತು ತುಂಬಿದಷ್ಟೂ ಕಾಗದ ತಲುಪಲಿಲ್ಲ ಎಂಬ ಮುಖ್ಯ ಮಾತು ಮುಚ್ಚಿಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಹೆದರಿಕೆಯಲ್ಲಿ ನೀವು ಈಗಾಗಲೇ ಬೇಲಿಫ್‌ಗೆ ಹಣ ಕಟ್ಟಿದ್ದರೂ ‘ದಂಡ ಪೂರ್ತಿ ಪಾವತಿಯಾಗಿದೆ’ ಎಂಬ ಕಾರಣಕ್ಕೆ ಗುರುತು ಹಾಕಬೇಡಿ, ಅದು ಕಾಲಕ್ಕೆ ಸರಿಯಾಗಿ ಕೌನ್ಸಿಲ್‌ಗೇ ಕಟ್ಟಿದವರಿಗೆ. ಬೇಲಿಫ್‌ಗೆ ಕಟ್ಟಿದ ಮಾತ್ರಕ್ಕೆ ಟಿಇ7ರ ದಾರಿ ಮುಚ್ಚುವುದಿಲ್ಲ. ಅರ್ಜಿ ಗೆದ್ದ ಮೇಲೆ ಹಣ ವಾಪಸು ಕೇಳಬಹುದು.

ಗೆಲುವು ಸೋಲು ನಿಂತಿರುವುದು ಟಿಇ7ರಲ್ಲಿ, ‘ಏಕೆ ತಡವಾಯಿತು’ ಎಂಬ ಖಾನೆಯಲ್ಲಿ. ಹೆಚ್ಚಿನವರು ‘ಮನೆ ಬದಲಿಸಿದ್ದೆ’ ಎಂದು ಒಂದು ಸಾಲು ಬರೆದು ಕಳಿಸುತ್ತಾರೆ. ಕೌನ್ಸಿಲ್ ವಿರೋಧಿಸುತ್ತದೆ: ‘ಲಾಗ್‌ಬುಕ್ ಬದಲಿಸುವುದು ಮಾಲೀಕರ ಹೊಣೆ, ಅವರು ಮಾಡಲಿಲ್ಲ.’ ಆ ಮಾತಿನಲ್ಲಿ ಹುರುಳಿದೆ. ವಿ5ಸಿಯಲ್ಲಿ ವಿಳಾಸ ಬದಲಿಸದಿದ್ದರೆ 1000 ಪೌಂಡ್‌ವರೆಗೆ ದಂಡ ಹಾಕುವ ಅಧಿಕಾರವೇ ಕಾನೂನಿನಲ್ಲಿದೆ. ಆದ್ದರಿಂದ ಅದನ್ನು ಮುಚ್ಚಿಡಬೇಡಿ, ನೀವೇ ಮೊದಲು ಹೇಳಿ. ಮಾರ್ಚ್‌ನ ಯಾವ ದಿನ ಹಳೆಯ ಮನೆಯ ಕೀಲಿ ಕೊಟ್ಟಿರಿ, ಯಾವ ದಿನ ರೆಡಿಂಗ್‌ನ ಬಾಡಿಗೆ ಕರಾರು ಶುರುವಾಯಿತು, ಲೈಸೆನ್ಸ್ ವಿಳಾಸ ಯಾವಾಗ ಬದಲಾಯಿತು, ಅದರಿಂದ ಕಾರಿನ ದಾಖಲೆಯೂ ಬದಲಾಯಿತೆಂದು ನಂಬಿದ್ದು, ಬೇಲಿಫ್ ಬಂದ ದಿನವೇ ಮೊದಲ ಬಾರಿಗೆ ವಿಷಯ ತಿಳಿದದ್ದು, ತಿಳಿದ ಎಷ್ಟು ದಿನದೊಳಗೆ ಅರ್ಜಿ ಹಾಕಿದಿರಿ. ಇಷ್ಟನ್ನು ತಾರೀಖಿನ ಸಮೇತ, ನಡೆದ ಕ್ರಮದಲ್ಲೇ ಬರೆಯಿರಿ. ಎರಡೂ ಬಾಡಿಗೆ ಕರಾರು, ರೆಡಿಂಗ್‌ನ ಕೌನ್ಸಿಲ್ ಟ್ಯಾಕ್ಸ್ ಬಿಲ್ಲು, ಹೊಸ ಲೈಸೆನ್ಸಿನ ಪ್ರತಿ ಲಗತ್ತಿಸಿ. ಲಾಗ್‌ಬುಕ್ಕನ್ನು ಇವತ್ತೇ ಬದಲಿಸಿ, ಬದಲಿಸಿದ ದಾಖಲೆಯನ್ನೂ ಸೇರಿಸಿ. ಮೂಲ ದಂಡವನ್ನು ಎದುರಿಸಲು ಅಥವಾ ಕಟ್ಟಲು ಸಿದ್ಧ ಎಂದು ಒಂದು ವಾಕ್ಯ ಹಾಕಿ. ತಪ್ಪಿಸಿಕೊಳ್ಳುವವರಲ್ಲ ಎಂದು ಓದುವವರಿಗೆ ಕಾಣಬೇಕು.

ಎರಡೂ ನಮೂನೆಗಳ ಕೊನೆಗೆ ‘ಇದು ಸತ್ಯ’ ಎಂದು ಸಹಿ ಇದೆ. ಸುಳ್ಳು ಬರೆದರೆ ಅದು ನ್ಯಾಯಾಂಗ ನಿಂದನೆ. ಪಾರ್ಕಿಂಗ್ ದಂಡ ನಿಮ್ಮ ಭವಿಷ್ಯಕ್ಕೆ ಕುತ್ತಾಗುವುದಿಲ್ಲ, ಸುಳ್ಳು ಹೇಳಿಕೆ ಆಗಬಹುದು. ಹಳೆಯ ಮನೆಯ ಗೆಳೆಯರು ವಾಟ್ಸಾಪಿನಲ್ಲಿ ಆ ಪತ್ರದ ಫೋಟೋ ಕಳಿಸಿದ್ದರೆ, ನೀವದನ್ನು ನೋಡಿದ್ದರೆ, ‘ತಲುಪಲಿಲ್ಲ’ ಎಂದು ಬರೆಯಬೇಡಿ. ಪತ್ರದಲ್ಲಿ ನೀವು ಹೇಳಿದ್ದನ್ನು ನಾನು ನಂಬಿದ್ದೇನೆ. ಆದರೂ ಮನೆಯವರೆಲ್ಲರನ್ನೂ ಒಮ್ಮೆ ಕೇಳಿ ನೋಡಿ.

ಅರ್ಜಿ ದಾಖಲಾದ ಕೂಡಲೇ ಸೆಂಟರ್‌ನವರು ಕೌನ್ಸಿಲ್‌ಗೆ ತಿಳಿಸುತ್ತಾರೆ, ತೀರ್ಮಾನವಾಗುವವರೆಗೆ ವಸೂಲಿ ನಿಲ್ಲಬೇಕು. ಆದರೆ ಆ ಸುದ್ದಿ ಬೇಲಿಫ್‌ಗೆ ಮುಟ್ಟಲು ಒಂದೆರಡು ದಿನ ಹಿಡಿಯಬಹುದು. ಸೆಂಟರ್‌ನಿಂದ ಬಂದ ಸ್ವೀಕೃತಿಯನ್ನು ನೀವೇ ಕಂಪನಿಗೂ ಕೌನ್ಸಿಲ್‌ಗೂ ಇಮೇಲ್ ಮಾಡಿ, ಒಂದು ಪ್ರತಿ ಬಾಗಿಲ ಬಳಿ ಇಡಿ. ಒಪ್ಪಿಗೆಯೋ ವಿರೋಧವೋ ಎಂದು ತಿಳಿಸಲು ಕೌನ್ಸಿಲ್‌ಗೆ ಸಮಯ ಕೊಡುತ್ತಾರೆ, ಉತ್ತರಕ್ಕೆ ಕೆಲವು ವಾರ ಕಾಯಬೇಕು.

ಒಪ್ಪಿಗೆಯಾದರೆ ಆರ್ಡರ್ ಫಾರ್ ರಿಕವರಿ ರದ್ದು, ಚಾರ್ಜ್ ಸರ್ಟಿಫಿಕೇಟ್ ರದ್ದು, ವಾರಂಟು ರದ್ದು. ಅದರ ಜೊತೆಗೆ 310 ಕೂಡ ಹೋಯಿತು. 70 ಪೌಂಡಿನ ಮೂಲ ದಂಡ ಮಾತ್ರ ಉಳಿಯುತ್ತದೆ, ಇದನ್ನು ಅನೇಕರು ತಪ್ಪು ತಿಳಿಯುತ್ತಾರೆ. ಕೌನ್ಸಿಲ್ ಮತ್ತೆ ನೋಟಿಸ್ ಟು ಓನರ್ ಕಳಿಸಬಹುದು. ಆಗ ಕಟ್ಟಿ ಮುಗಿಸಿ, ಇಲ್ಲವೇ ಗಾಜಿನ ಚೀಟಿ, ಬೋರ್ಡಿನ ಮಾತುಗಳನ್ನು ಅಲ್ಲಿ ಎತ್ತಿ. ಕೌನ್ಸಿಲ್ ಒಪ್ಪದಿದ್ದರೆ ಸ್ವತಂತ್ರ ಟ್ರಿಬ್ಯೂನಲ್ಲಿಗೆ ಹೋಗಬಹುದು.

ತಿರಸ್ಕಾರವಾದರೆ? ಆಗುತ್ತದೆ, ಅದಕ್ಕೂ ಸಿದ್ಧರಿರಿ. ತಿರಸ್ಕರಿಸುವವರು ಸೆಂಟರ್‌ನ ಅಧಿಕಾರಿ, ನ್ಯಾಯಾಧೀಶರಲ್ಲ. ಆದೇಶ ಕೈಸೇರಿದ 14 ದಿನದೊಳಗೆ ಎನ್244 ಎಂಬ ಅರ್ಜಿಯಲ್ಲಿ ಜಿಲ್ಲಾ ನ್ಯಾಯಾಧೀಶರ ಮರುಪರಿಶೀಲನೆ ಕೇಳಬಹುದು. ಇದಕ್ಕೆ ಕೋರ್ಟ್ ಶುಲ್ಕವಿದೆ. ವಿಚಾರಣೆ ಬೇಕೆಂದರೆ ಅದು ನಿಮ್ಮ ಬೇಲಿಫ್ ಶುಲ್ಕದ ಹತ್ತಿರಕ್ಕೇ ಬರುತ್ತದೆ, ಕಡಿಮೆ ಆದಾಯದವರಿಗೆ ವಿನಾಯಿತಿ ಇದೆ. ಹಾಗಾಗಿ ಮೊದಲ ಅರ್ಜಿಯನ್ನೇ ಕೊನೆಯ ಅರ್ಜಿ ಎಂಬಷ್ಟು ಶ್ರದ್ಧೆಯಿಂದ ಬರೆಯಿರಿ ಎನ್ನುತ್ತೇನೆ.

ವಾರಂಟು ಉಳಿದುಕೊಂಡರೂ 235ನ್ನು ಪ್ರಶ್ನಿಸಲು ನಿಮಗೆ ಇನ್ನೊಂದು ನೆಲೆ ಇದೆ. ಬೇಲಿಫ್ ಬಾಗಿಲಿಗೆ ಬರುವ ಮೊದಲು, ವಸೂಲಿಗೆ ಬರುತ್ತೇವೆಂದು ಮುಂಚಿತವಾಗಿ ತಿಳಿಸುವ ‘ನೋಟಿಸ್ ಆಫ್ ಎನ್‌ಫೋರ್ಸ್‌ಮೆಂಟ್’ ಕಳಿಸಬೇಕು. ಭಾನುವಾರ ಮತ್ತು ಸಾರ್ವಜನಿಕ ರಜೆ ಬಿಟ್ಟು ಪೂರ್ತಿ 7 ದಿನ ಸಮಯ ಕೊಡಬೇಕು. ಅಂಚೆಯಲ್ಲಿ ಕಳಿಸುವುದಾದರೆ ಅದು ಹೋಗಬೇಕಾದ್ದು ನೀವು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳಕ್ಕೆ. ಆ ಒಂದು ವಾರ ಇರುವುದೇ 235 ಹತ್ತುವ ಮೊದಲು ಕಟ್ಟಲೋ, ಕಂತು ಕೇಳಲೋ, ಟಿಇ7 ಹಾಕಲೋ ಅವಕಾಶ ಸಿಗಲೆಂದು. ನಿಮ್ಮ ನೋಟಿಸ್ ಹಳೆಯ ಮನೆಗೆ ಹೋಗಿ, ನಂತರ ಕಂಪನಿ ಎಲ್ಲಿಂದಲೋ ರೆಡಿಂಗ್ ವಿಳಾಸ ಹುಡುಕಿ ನೇರವಾಗಿ ಬಂದಿದ್ದರೆ, ಆ ಅವಕಾಶ ನಿಮಗೆ ಸಿಗಲೇ ಇಲ್ಲ. ಕಂಪನಿಗೆ ಲಿಖಿತವಾಗಿ ಕೇಳಿ: ನೋಟಿಸ್ ಯಾವ ತಾರೀಖು, ಯಾವ ವಿಳಾಸಕ್ಕೆ ಕಳಿಸಿದಿರಿ? ನನ್ನ ಹೊಸ ವಿಳಾಸ ನಿಮಗೆ ಯಾವಾಗ ತಿಳಿಯಿತು? ತಿಳಿದ ಮೇಲೆ ಅಲ್ಲಿಗೆ ಮತ್ತೆ ನೋಟಿಸ್ ಕಳಿಸಿದಿರಾ? ಕೌನ್ಸಿಲ್‌ಗೆ ಕೇಳಿ: ವಾರಂಟಿನ ಮೇಲೆ ಯಾವ ವಿಳಾಸ ಇತ್ತು, ವಿಳಾಸ ಬದಲಾದ ಮೇಲೆ ಸೆಂಟರ್‌ನಿಂದ ವಾರಂಟನ್ನು ಮರುಹೊರಡಿಸಿಕೊಂಡಿರಾ? ಈ ಪ್ರಶ್ನೆಗಳಿಗೆ ತಾರೀಖುಗಳಲ್ಲೇ ಉತ್ತರ ಬರಬೇಕು. ‘ನಿಯಮದಂತೆ ನಡೆದಿದ್ದೇವೆ’ ಎಂಬ ಸಾಲು ಬಂದರೆ ಅದೇ ಪ್ರಶ್ನೆಗಳನ್ನು ಮತ್ತೆ ಕಳಿಸಿ.

ಅತ್ತೆಯವರ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ಮನೆಯಲ್ಲಿ 16 ತುಂಬದ ಮಗುವೋ, ವಯಸ್ಸು, ಕಾಯಿಲೆಯಂಥ ಕಾರಣದಿಂದ ದುರ್ಬಲ ಸ್ಥಿತಿಯಲ್ಲಿರುವವರೋ ಮಾತ್ರ ಇದ್ದರೆ ಬೇಲಿಫ್ ಒಳಗೆ ಬರುವಂತಿಲ್ಲ, ಏನನ್ನೂ ವಶಕ್ಕೆ ತೆಗೆದುಕೊಳ್ಳುವಂತಿಲ್ಲ. ಬೇಲಿಫ್‌ಗಳ ನಡವಳಿಕೆಗೆ ಇರುವ 2014ರ ರಾಷ್ಟ್ರೀಯ ಮಾನದಂಡಗಳ ದುರ್ಬಲರ ಪಟ್ಟಿಯಲ್ಲಿ ವೃದ್ಧರೂ ಇದ್ದಾರೆ, ಇಂಗ್ಲಿಷ್ ಅರ್ಥವಾಗದವರೂ ಇದ್ದಾರೆ. ಬಂದ ಉದ್ದೇಶವನ್ನು ಬಾಕಿದಾರರಲ್ಲದವರಿಗೆ ಬಿಚ್ಚಿಡಬಾರದು ಎಂದೂ ಆ ಮಾನದಂಡಗಳು ಹೇಳುತ್ತವೆ. ಆತ ಹೊಸ್ತಿಲು ದಾಟಿದನೇ, ದನಿ ಏರಿಸಿದನೇ, ಪಕ್ಕದ ಮನೆಯವರನ್ನು ಕೇಳಿದನೇ ಎಂದು ಅತ್ತೆಯವರನ್ನು ನಿಧಾನವಾಗಿ ಕೇಳಿ, ಅವರ ಮಾತಿನಲ್ಲೇ ಬರೆದಿಡಿ. ಹೆಚ್ಚಿನ ಬೇಲಿಫ್‌ಗಳ ಅಂಗಿಯ ಮೇಲೆ ಕ್ಯಾಮೆರಾ ಇರುತ್ತದೆ. ದತ್ತಾಂಶ ರಕ್ಷಣೆಯ ಕಾನೂನಿನಡಿ ನಿಮ್ಮ ಬಗ್ಗೆ ಅವರಲ್ಲಿರುವ ದಾಖಲೆ, ವಿಡಿಯೋ ಎಲ್ಲ ಕೇಳಬಹುದು, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ಬೇಗ ಕೇಳಿ, ಅಂಥ ವಿಡಿಯೋಗಳನ್ನು ಬಹುಕಾಲ ಇಟ್ಟುಕೊಳ್ಳುವುದಿಲ್ಲ.

ಆದರೆ ನೇರವಾಗಿ ಹೇಳುತ್ತೇನೆ: ಅತ್ತೆಯವರು ಹೆದರಿದರು ಎಂಬ ಕಾರಣಕ್ಕೇ 235 ಬೀಳುವುದಿಲ್ಲ. ಆ ಶುಲ್ಕ ಮೊದಲ ಭೇಟಿಯೊಂದಿಗೇ ಹತ್ತುತ್ತದೆ. ಸಲಹೆ ಪಡೆಯಲು ಸಾಕಷ್ಟು ಅವಕಾಶ ಕೊಡದಿದ್ದರೆ ಶುಲ್ಕ ವಸೂಲಿ ಮಾಡುವಂತಿಲ್ಲ ಎಂಬ ರಕ್ಷಣೆ ಇರುವುದು ಬಾಕಿದಾರರೇ ದುರ್ಬಲರಾಗಿದ್ದಾಗ. ನಿಮಗೇ ಗಂಭೀರ ಕಾಯಿಲೆ, ಬಸಿರು, ಇತ್ತೀಚಿನ ಸಾವುನೋವು ಇಂಥದ್ದೇನಾದರೂ ಇದ್ದರೆ ಸಂಕೋಚ ಬಿಟ್ಟು ಕಂಪನಿಗೆ ತಿಳಿಸಿ. ಅತ್ತೆಯವರ ವಿಷಯವನ್ನು ನಡವಳಿಕೆಯ ದೂರಾಗಿ ಬೇರೆಯಾಗಿಯೇ ಕೊಡಿ.

ದೂರು ಮೊದಲು ಕಂಪನಿಗೆ, ನಂತರ ಕೌನ್ಸಿಲ್‌ಗೆ. ಕಂಪನಿ ಕೆಲಸ ಮಾಡಿದ್ದು ಕೌನ್ಸಿಲ್ ಪರವಾಗಿ, ‘ಬೇಲಿಫ್ ಜೊತೆ ಮಾತಾಡಿಕೊಳ್ಳಿ’ ಎಂದು ಕೌನ್ಸಿಲ್ ಕೈತೊಳೆದುಕೊಳ್ಳುವಂತಿಲ್ಲ. ಅಲ್ಲೂ ಬಗೆಹರಿಯದಿದ್ದರೆ, ಇಂಗ್ಲೆಂಡಿನ ಕೌನ್ಸಿಲ್‌ಗಳ ಮೇಲಿನ ದೂರು ನೋಡುವ ಸ್ವತಂತ್ರ ಸಂಸ್ಥೆಯಾದ ಲೋಕಲ್ ಗವರ್ನಮೆಂಟ್ ಅಂಡ್ ಸೋಷಿಯಲ್ ಕೇರ್ ಒಂಬುಡ್ಸ್‌ಮನ್. ಖರ್ಚಿಲ್ಲ, ವಿಷಯ ತಿಳಿದ 12 ತಿಂಗಳೊಳಗೆ ಹೋಗಬೇಕು. ಶುಲ್ಕವನ್ನು ಕೋರ್ಟೇ ನಿರ್ಧರಿಸಲಿ ಎಂದು ಕೇಳುವ ಹಕ್ಕೂ ಇದೆ. ಆದರೆ ಸೋತರೆ ಎದುರಿನವರ ವಕೀಲರ ಖರ್ಚು ತಲೆಗೆ ಬರಬಹುದು, 235ಕ್ಕಾಗಿ ಅಷ್ಟು ದೂರ ಹೋಗಬೇಡಿ. ಬೇಲಿಫ್‌ನ ಪ್ರಮಾಣಪತ್ರವನ್ನೇ ಪ್ರಶ್ನಿಸಿ ಕೋರ್ಟಿಗೆ ದೂರು ಕೊಡುವುದಕ್ಕೂ ಇದೇ ಮಾತು.

ಇಂಟರ್ನೆಟ್ಟಿನಲ್ಲಿ ಓಡಾಡುವ ಒಂದು ಸಲಹೆಯನ್ನು ನಂಬಬೇಡಿ: ‘ಕೌನ್ಸಿಲ್ ಖಾತೆಗೆ ನೇರವಾಗಿ 115 ಕಟ್ಟಿಬಿಡಿ, ಬೇಲಿಫ್ ಶುಲ್ಕ ತಾನಾಗಿ ಹೋಗುತ್ತದೆ.’ ಹೋಗುವುದಿಲ್ಲ. ಕಾನೂನಿನಲ್ಲಿ ಬಾಕಿ ಎಂದರೆ ದಂಡ ಮತ್ತು ವಸೂಲಿ ವೆಚ್ಚ ಎರಡೂ. ಭಾಗಶಃ ಹಣ ಬಂದರೆ ಮೊದಲು 75 ಮುರಿದುಕೊಂಡು, ಮಿಕ್ಕದ್ದನ್ನು ದಂಡಕ್ಕೂ ಉಳಿದ ಶುಲ್ಕಕ್ಕೂ ಹಂಚುತ್ತಾರೆ. ವಾರಂಟು ಜೀವಂತವಾಗಿಯೇ ಉಳಿಯುತ್ತದೆ, ನೀವು ಮಾತ್ರ ತೀರಿತು ಎಂದುಕೊಂಡಿರುತ್ತೀರಿ.

ಅರ್ಜಿಯ ತೀರ್ಮಾನ ಬರುವವರೆಗೆ ಮನೆಯಲ್ಲಿ ಹೀಗೆ ನಡೆದುಕೊಳ್ಳಿ. ಬೇಲಿಫ್ ಬೆಳಿಗ್ಗೆ 6ರಿಂದ ರಾತ್ರಿ 9ರ ನಡುವೆ ಬರಬಹುದು. ಪಾರ್ಕಿಂಗ್ ದಂಡಕ್ಕೆ ಮೊದಲ ಸಲ ಬಲವಂತದಿಂದ ಒಳಗೆ ನುಗ್ಗುವ ಅಧಿಕಾರ ಅವರಿಗಿಲ್ಲ, ಆದರೆ ಚಿಲಕ ಹಾಕದ ಬಾಗಿಲಿನಿಂದ ನಡೆದು ಬರಬಹುದು. ನಮ್ಮೂರಿನ ರೂಢಿಯಂತೆ ‘ಒಳಗೆ ಬನ್ನಿ, ಕೂತ್ಕೊಳ್ಳಿ’ ಎನ್ನಬೇಡಿ. ಒಳಗೆ ಬಂದು ಸಾಮಾನು ಪಟ್ಟಿ ಮಾಡಿ ನಿಮ್ಮಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರೆ, ಅದನ್ನು ನೀವು ಮುರಿದಾಗ ಬಲ ಬಳಸಿ ಬರುವ ದಾರಿ ತೆರೆಯುತ್ತದೆ. ಅವರ ನಿಜವಾದ ಕಣ್ಣಿರುವುದು ಕಾರಿನ ಮೇಲೆ, ಮನೆಯಿಂದ ದೂರ ನಿಲ್ಲಿಸಿ. ಗಾಲಿಗೆ ಬೀಗ ಹಾಕಿದರೆ ಕನಿಷ್ಠ 2 ಗಂಟೆ ಬಿಟ್ಟೇ ಎಳೆದೊಯ್ಯಬೇಕು. ಆ ಬೀಗ ಮುರಿಯಲು ಹೋಗಬೇಡಿ, ಅದು ಅಪರಾಧ. ಕಾರು ಹೈರ್ ಪರ್ಚೇಸ್‌ನಲ್ಲಿದ್ದರೆ ಅದು ಇನ್ನೂ ಸಾಲ ಕೊಟ್ಟ ಕಂಪನಿಯದು, ಕರಾರಿನ ಪ್ರತಿ ಕಳಿಸಿ. ಅಂಗವಿಕಲರ ನೀಲಿ ಬ್ಯಾಡ್ಜ್ ಇರುವ ಕಾರನ್ನು ಮುಟ್ಟುವಂತಿಲ್ಲ. ಅತ್ತೆಯವರಿಗೆ ಒಂದೇ ಮಾತು ಕಲಿಸಿ: ಬಾಗಿಲು ತೆರೆಯದೆ ನಿಮಗೆ ಫೋನ್ ಮಾಡುವುದು.

ಇನ್ನೊಂದು ಕೆಲಸ. ಹಳೆಯ ವಿಳಾಸಕ್ಕೆ ಬಿದ್ದದ್ದು ಇದೊಂದೇ ಎಂದು ಹೇಗೆ ಗೊತ್ತು? ನಿಮ್ಮ ಕಾರಿನ ನಂಬರಿಗೆ ಬೇರೆ ದಂಡ ಬಾಕಿ ಇದೆಯೇ ಎಂದು ಆ ಕೌನ್ಸಿಲ್‌ಗೆ ಕೇಳಿ. ಇದ್ದರೆ ಪ್ರತಿಯೊಂದಕ್ಕೂ ಬೇರೆ ಟಿಇ7, ಟಿಇ9 ಬೇಕು. ಒಂದೇ ಕಂಪನಿಯ ಕೈಯಲ್ಲಿ ನಿಮ್ಮ ಹೆಸರಿನ ಹಲವು ವಾರಂಟುಗಳಿದ್ದರೆ 75 ಪ್ರತಿಯೊಂದಕ್ಕೂ ಹಾಕಬಹುದು, ಆದರೆ ಒಟ್ಟಿಗೆ ನಡೆಸಬಹುದಾದ ಭೇಟಿಗೆ 235 ಒಂದೇ ಸಲ. ಇದನ್ನು ಮೀರಿ ಹಾಕಿದ ಲೆಕ್ಕವನ್ನು ನಾನು ಕಂಡಿದ್ದೇನೆ, ಪ್ರಶ್ನಿಸಿದಾಗ ತೆಗೆದದ್ದನ್ನೂ ಕಂಡಿದ್ದೇನೆ.

ನಾನು ಹೇಳಿದ್ದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೌನ್ಸಿಲ್ ಹಾಕುವ ದಂಡಕ್ಕೆ, ಸ್ಕಾಟ್ಲೆಂಡಿನ ಪದ್ಧತಿ ಬೇರೆ. ಸೂಪರ್‌ಮಾರ್ಕೆಟ್, ಆಸ್ಪತ್ರೆಯ ಆವರಣಗಳಲ್ಲಿ ಖಾಸಗಿ ಕಂಪನಿ ಕೊಡುವ ಚೀಟಿಯ ದಾರಿಯೂ ಬೇರೆ. ಅಲ್ಲಿ ಕೌಂಟಿ ಕೋರ್ಟಿನ ತೀರ್ಪು ಬರುವವರೆಗೆ ಬೇಲಿಫ್ ಎಂಬ ಮಾತೇ ಇಲ್ಲ, ಪತ್ರ ಬರೆದು ಹೆದರಿಸುವವರು ಬರೀ ಸಾಲ ವಸೂಲಿ ಏಜೆಂಟರು. ಬಸ್ ಲೇನ್ ಅಥವಾ ತಿರುವು ನಿಷೇಧದ ದಂಡವಾಗಿದ್ದರೆ ಕೆಲವು ಕಡೆ ಟಿಇ7, ಟಿಇ9ರ ಬದಲು ಪಿಇ2, ಪಿಇ3 ಬೇಕು. ಪಿಇ3ಕ್ಕೆ ಸಾಲಿಸಿಟರ್ (ವಕೀಲ) ಅಥವಾ ಕೋರ್ಟ್ ಅಧಿಕಾರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕಬೇಕು.

ನಮೂನೆ ತುಂಬಿಸಲು ಕೈ ನಡುಗಿದರೆ ಸಲಹೆ ಕೊಡುವ ಸಂಸ್ಥೆಗಳಾದ ಸಿಟಿಜನ್ಸ್ ಅಡ್ವೈಸ್ ಅಥವಾ ನ್ಯಾಷನಲ್ ಡೆಟ್‌ಲೈನ್‌ಗೆ ಹೋಗಿ, ಹಣ ಕೇಳುವುದಿಲ್ಲ. ತಿಳಿದು ಆಗಲೇ ಒಂದು ವಾರ ಕಳೆದಿದೆ. ಈ ಶನಿವಾರದೊಳಗೆ ಎರಡು ನಮೂನೆಗಳೂ ನಾರ್ಥಾಂಪ್ಟನ್‌ಗೆ ಹೋಗಿರಲಿ, ಕಂಪನಿ ಮತ್ತು ಕೌನ್ಸಿಲ್‌ಗೆ ಬರೆಯುವ ಪತ್ರಗಳು ಅದರ ಮರುದಿನ.